ಮನೆವಾರ್ತೆ: ಕಿಟಕಿಗಳಿಗೆಲ್ಲ ಒಂದೇ ಬ್ರಷ್ ಸಾಕೇ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಬಳ್ಳಾರಿಯಲ್ಲಿದೆ. ಕೆಳಗಿನ ಹಳೆಯ ಕೋಣೆಗಳಲ್ಲಿ ಮರದ ಚೌಕಟ್ಟಿಗೆ ಕಬ್ಬಿಣದ ಸರಳು ಕೂರಿಸಿದ ಕಿಟಕಿಗಳಿವೆ. ಮೇಲೆ ಹೊಸದಾಗಿ ಕಟ್ಟಿಸಿದ ಎರಡು ಕೋಣೆಗಳಿಗೆ ಸೊಳ್ಳೆ ಜಾಲರಿ ಸಹಿತ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದೇವೆ. ಆಷಾಢದ ಗಾಳಿ ಮುಗಿಯುವಷ್ಟರಲ್ಲಿ ಎಲ್ಲದರ ಮೇಲೂ ಕೆಂಧೂಳು ಕೂತಿರುತ್ತದೆ. ಅಂಗಡಿಗೆ ಹೋದರೆ ಗಾಜಿಗೊಂದು, ಜಾಲರಿಗೊಂದು, ಟ್ರ್ಯಾಕಿಗೊಂದು ಎಂದು ಬಗೆಬಗೆಯ ಬ್ರಷ್ ತೋರಿಸುತ್ತಾರೆ. ಮಹಾನವಮಿಗೆ ಮನೆ ತೊಳೆಯುವ ಮೊದಲು ಎಲ್ಲಕ್ಕೂ ಆಗುವಂಥ ಒಂದನ್ನೇ ಕೊಳ್ಳಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ?
– ಗೃಹಿಣಿ, ಬಳ್ಳಾರಿ

ಉತ್ತರ: ಒಂದೇ ಬ್ರಷ್ ಸಾಕು. ಆದರೆ ಅದನ್ನು ಗಾಜನ್ನು ನೋಡಿ ಆರಿಸಬೇಡಿ; ಸರಳು, ಜಾಲರಿ ಮತ್ತು ಟ್ರ್ಯಾಕನ್ನು ನೋಡಿ ಆರಿಸಿ. ಕಿಟಕಿಯಲ್ಲಿ ಬ್ರಷ್‌ನ ನಿಜವಾದ ಕೆಲಸವಿರುವುದು ಮೂಲೆ, ಸಂದು ಮತ್ತು ತೂತುಗಳಲ್ಲಿ. ಬಯಲಾಗಿರುವ ಗಾಜಿಗೆ ಒದ್ದೆ ಬಟ್ಟೆ ಮತ್ತು ರಬ್ಬರ್ ಅಂಚಿನ ಸಣ್ಣ ವೈಪರ್ ಯಾವ ಬ್ರಷ್‌ಗಿಂತಲೂ ಚೆನ್ನಾಗಿ ಒಪ್ಪುತ್ತವೆ.

ನಿಮ್ಮ ಊರಿನವರಿಗೆ ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಂಡೂರಿನ ಗಣಿಗಳ ಕಡೆಯಿಂದಲೂ ಅದಿರು ಸಾಗಿಸುವ ಲಾರಿಗಳಿಂದಲೂ ಏಳುವ ಕೆಂಧೂಳಿನಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್ 5ರಿಂದ 6.5ರವರೆಗೆ ಇರುತ್ತದೆ, ಧೂಳಿನೊಂದಿಗೆ ಬರುವ ಮರಳಿನ ಕಣ 7ರಷ್ಟಿರುತ್ತದೆ, ಸಾಮಾನ್ಯ ಕಿಟಕಿ ಗಾಜು ಮಾತ್ರ ಸುಮಾರು 5.5ರಲ್ಲೇ ನಿಲ್ಲುತ್ತದೆ. ಹೀಗಾಗಿ ಒಣ ಗಾಜನ್ನು ಉಜ್ಜಿದಾಗ ಗೀರು ಬಿದ್ದರೆ ಅದನ್ನು ಹಾಕಿದ್ದು ಬ್ರಷ್‌ನ ಎಳೆಯಾಗಿರುವುದಿಲ್ಲ, ಎಳೆಯ ತುದಿಗೆ ಸಿಕ್ಕಿ ಗಾಜಿನ ಮೇಲೆ ಎಳೆದಾಡಿದ ಧೂಳಾಗಿರುತ್ತದೆ. ಎಷ್ಟೇ ಮೃದುವಾದ, ಎಷ್ಟೇ ದುಬಾರಿಯಾದ ಬ್ರಷ್ ತಂದರೂ ಗಾಜಿನ ಮೇಲೆ ಮೊದಲು ನೀರು ಹರಿಸದೆ ಕೈಯಾಡಿಸಬಾರದು.

ಇನ್ನು ಆಯ್ಕೆಯ ವಿಷಯ. ಅಂಗಡಿಗೆ ಹೊರಡುವ ಮುನ್ನ ನಿಮ್ಮ ಕಿಟಕಿಯ ಎರಡು ಸರಳುಗಳ ನಡುವಿನ ಅಂತರವನ್ನೂ ಸ್ಲೈಡಿಂಗ್ ಟ್ರ್ಯಾಕಿನ ಒಂದು ಕಾಲುವೆಯ ಅಗಲವನ್ನೂ ಅಳೆದು ಬರೆದುಕೊಳ್ಳಿ. ಒಳಗೆ ನಿಂತು ಸರಳುಗಳ ನಡುವೆ ಕೈ ಚಾಚಿಯೇ ಹೊರಮೈಯನ್ನು ಶುಚಿ ಮಾಡಬೇಕಾದ ಮನೆಗಳಲ್ಲಿ, ತಲೆ ಅಗಲವಾದ ಬ್ರಷ್ ಅಡ್ಡಡ್ಡ ತೂರಿ ಹೋದರೂ ಆಚೆಗೆ ಹೋದ ಮೇಲೆ ತಿರುಗುವುದಿಲ್ಲ. ಎರಡು ಇಂಚು ಅಗಲ, ಅರ್ಧ ಇಂಚಿನಷ್ಟು ದಪ್ಪ, ಒಂದೂವರೆ ಇಂಚು ಉದ್ದದ ಎಳೆ, ಒಂದು ಗೇಣಿನ ಹಿಡಿ ಇರುವ ಚಪ್ಪಟೆ ಬ್ರಷ್ ಸಾಮಾನ್ಯವಾಗಿ ಎಲ್ಲ ಕಡೆಗೂ ಹೊಂದುತ್ತದೆ. ಟ್ರ್ಯಾಕಿನೊಳಗೆ ಅದನ್ನು ಉದ್ದುದ್ದವಾಗಿ ಹಿಡಿದು ಓಡಿಸಬಹುದು. ದುಂಡು ತಲೆಯ ಬ್ರಷ್ ನೋಡಲು ಚೆಂದ, ಆದರೆ ಚೌಕಟ್ಟಿನ ಮೂಲೆಗೆ ಅದು ಎಂದೂ ಮುಟ್ಟುವುದಿಲ್ಲ.

ಎಳೆ ಯಾವುದರದ್ದು ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅಗ್ಗದ ಬ್ರಷ್‌ಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್ ಎಳೆಗಳಿರುತ್ತವೆ. ಅವು ನೀರು ಹೀರುವುದಿಲ್ಲ ನಿಜ, ಆದರೆ ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತವೆ, ಬಿಸಿಲಿಗೆ ಬಿಟ್ಟರೆ ಪುಡಿಪುಡಿಯಾಗಿ ಮುರಿಯುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಅಂಥದ್ದನ್ನು ಹಿತ್ತಲ ಗೋಡೆಗೆ ತೂಗುಹಾಕಿದರೆ ಅದರ ಆಯುಷ್ಯ ಬಹಳ ಕಡಿಮೆ. ನೈಲಾನ್ ಎಳೆಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಹೆಚ್ಚು. ಆದರೆ ನೈಲಾನ್ 6 ಎಂಬ ಬಗೆಯ ನೈಲಾನ್ ಪೂರ್ತಿ ನೆನೆದಾಗ ತನ್ನ ತೂಕದ ಸುಮಾರು ಶೇ. 9ರಷ್ಟು ನೀರನ್ನು ಹೀರಿಕೊಂಡು ಮೆತ್ತಗಾಗುವುದರಿಂದ, ಅಂಗಡಿಯಲ್ಲಿ ತುಸು ಬಿರುಸೆನಿಸಿದ ನೈಲಾನ್ ಬ್ರಷ್ ಬಕೆಟ್ಟಿಗೆ ಇಳಿದ ಮೇಲೆ ಹದಕ್ಕೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆರಿಸಬೇಕು. ಪಿಬಿಟಿ ಎಂಬ ಪಾಲಿಯೆಸ್ಟರ್ ಎಳೆ ಒದ್ದೆಯಲ್ಲೂ ಒಣಗಿದಾಗಲೂ ಹೆಚ್ಚುಕಡಿಮೆ ಒಂದೇ ಬಿರುಸಿನಲ್ಲಿರುತ್ತದೆ. ಸಿಕ್ಕರೆ ಅದನ್ನೇ ಕೊಳ್ಳಿ. ತೆಂಗಿನ ನಾರಿನ ಬ್ರಷ್ ಅಂಗಳಕ್ಕೆ ಸರಿ, ಕಿಟಕಿಗೆ ಬೇಡ. ತಂತಿಯ ಬ್ರಷ್ಷಂತೂ ಸರಳಿನ ಬಣ್ಣವನ್ನೇ ಕಿತ್ತು ಮುಂದಿನ ಮಳೆಗಾಲಕ್ಕೆ ತುಕ್ಕನ್ನು ಕರೆದು ತರುತ್ತದೆ.

ಇಷ್ಟೆಲ್ಲ ಹುಡುಕುವ ವ್ಯವಧಾನ ಇಲ್ಲದಿದ್ದರೆ ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಣ್ಣ ಬಳಿಯುವ ಎರಡು ಇಂಚಿನ ಬ್ರಷ್ ಕೇಳಿ. ಕಿಟಕಿಗೆಂದೇ ಮಾರುವ ಎಷ್ಟೋ ಬ್ರಷ್‌ಗಳಿಗಿಂತ ಅದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಂದಿಗೂದಲಿನ ಬ್ರಷ್ ಆದರೆ ಪ್ರತಿ ಕೂದಲಿನ ತುದಿಯೂ ಸಹಜವಾಗಿಯೇ ಸೀಳಿಕೊಂಡಿರುವುದರಿಂದ ಒಣ ಧೂಳನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ, ನೀರಿನಲ್ಲಿ ಮಾತ್ರ ಸೋಲುತ್ತದೆ. ಆದ್ದರಿಂದ ನಿಮ್ಮ ಕೆಲಸಕ್ಕೆ ಕೃತಕ ಎಳೆಯದ್ದನ್ನೇ ಕೇಳಿರಿ. ಅದರ ಕುತ್ತಿಗೆಗಿರುವ ತಗಡಿನ ಪಟ್ಟಿ ಗಾಜಿಗೆ ತಾಗದಂತೆ ಇನ್ಸುಲೇಶನ್ ಟೇಪು ಸುತ್ತಿ, ಉದುರುವ ಎಳೆಗಳು ಮೊದಲೇ ಉದುರಿಹೋಗಲೆಂದು ಒಮ್ಮೆ ನೆನೆಸಿ ಹಳೆಯ ಬಾಚಣಿಗೆಯಿಂದ ಬಾಚಿಕೊಳ್ಳಿ.

ಯಾವುದನ್ನೇ ಕೊಳ್ಳಿ, ಅಂಗಡಿಯಲ್ಲಿಯೇ ಪರೀಕ್ಷಿಸಿ. ಎಳೆಗಳನ್ನು ಅಂಗೈಗೆ ಒತ್ತಿ ಬಿಟ್ಟರೆ ಅವು ಕೂಡಲೇ ನೆಟ್ಟಗಾಗಬೇಕು. ಮುಂಗೈ ಮೇಲೆ ಉಜ್ಜಿದರೆ ಚುಚ್ಚಬಾರದು. ಎಳೆಗಳನ್ನು ಬೆರಳಿನಿಂದ ಬೇರ್ಪಡಿಸಿದಾಗ ಬುಡದ ಪ್ಲಾಸ್ಟಿಕ್ ಬೋಳುಬೋಳಾಗಿ ಕಂಡರೆ ಅಂಥ ಬ್ರಷ್ ಧೂಳನ್ನು ಎತ್ತುವುದಕ್ಕಿಂತ ಚದುರಿಸುವುದೇ ಹೆಚ್ಚು. ತಲೆಯ ಅಂಚಿನಲ್ಲಿ ಅಚ್ಚಿನಿಂದ ಉಳಿದ ಚೂಪು ಏಣು ಇದೆಯೇ ಎಂದು ಉಗುರಿನಿಂದ ತಡವಿ ನೋಡಿ. ಪೊಟ್ಟಣದ ಮೇಲೆ ಮಲ್ಟಿಪರ್ಪಸ್ ಎಂದು ಅಚ್ಚಾಗಿರುವುದಕ್ಕೆ ಏನೂ ಬೆಲೆ ಕೊಡಬೇಕಾಗಿಲ್ಲ. ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಕೆಲಸದ ಅನುಕ್ರಮ ಮೇಲಿನಿಂದ ಕೆಳಕ್ಕೆ ಇರಲಿ. ಮೊದಲು ಒಣ ಬ್ರಷ್‌ನಿಂದ ಸರಳು ಮತ್ತು ಚೌಕಟ್ಟು, ಆಮೇಲೆ ಜಾಲರಿ, ಅನಂತರ ಟ್ರ್ಯಾಕು. ಅಲ್ಲಿಗೆ ಬ್ರಷ್ಷನ್ನು ಸೋಪುನೀರಿನಲ್ಲಿ ಕೆಂಪು ಬಿಡುವುದು ನಿಲ್ಲುವವರೆಗೆ ತೊಳೆದು, ಕಡೆಯದಾಗಿ ಗಾಜಿನ ಅಂಚಿಗೆ ಬನ್ನಿ. ಗಾಜು ಮತ್ತು ರಬ್ಬರ್ ಪಟ್ಟಿ ಸೇರುವ ಆ ಅಂಚಿನಲ್ಲಿ ಮಾತ್ರ, ಧಾರಾಳ ನೀರಿನೊಂದಿಗೆ, ಬ್ರಷ್ ಆಡಿಸಿದರೆ ಸಾಕು. ಬೆಳಗಿನ ಹೊತ್ತಿನಲ್ಲಿಯೇ ಮಾಡಿ. ಬಿಸಿಲಿಗೆ ಕಾದ ಗಾಜಿನ ಮೇಲೆ ಸೋಪುನೀರು ಒರೆಸುವ ಮೊದಲೇ ಒಣಗಿ ಕಲೆಗಟ್ಟುತ್ತದೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರ ಅಕ್ಕಿ ಗಿರಣಿಗಳಿವೆ. ಹೊಟ್ಟಿನ ಬೂದಿ ಜಾಲರಿಯಲ್ಲಿ ಕಪ್ಪಾಗಿ ಕೂತು ಬ್ರಷ್‌ಗೆ ಬರುತ್ತಿಲ್ಲ. ಇನ್ನೂ ಬಿರುಸಾದ ಬ್ರಷ್ ಬೇಕೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ಭತ್ತದ ಹೊಟ್ಟಿನ ಬೂದಿಯ ಬಹುಭಾಗ ಸಿಲಿಕಾ ಆಗಿದ್ದು, ಬಿರುಸು ಬ್ರಷ್‌ನಿಂದ ತಿಕ್ಕಿದಷ್ಟೂ ಅದು ಜಾಲರಿಯ ಲೇಪವನ್ನು ಸವೆಸುತ್ತದೆ. ಫೈಬರ್ ಜಾಲರಿಯಾದರೆ ಕಣ್ಣುಗಳು ಹಿಗ್ಗಿ ಸೊಳ್ಳೆಗೆ ದಾರಿಯಾಗುತ್ತದೆ. ಸ್ಲೈಡಿಂಗ್ ಜಾಲರಿಯ ಬಾಗಿಲನ್ನು ಮೇಲಕ್ಕೆತ್ತಿ ಬುಡವನ್ನು ಒಳಕ್ಕೆ ಎಳೆದರೆ ಅದು ಟ್ರ್ಯಾಕಿನಿಂದ ಹೊರಬರುತ್ತದೆ. ಬಚ್ಚಲಲ್ಲಿ ಓರೆಯಾಗಿ ನಿಲ್ಲಿಸಿ, ಸೋಪುನೀರು ಹಾಕಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಧೂಳು ಕೂತಿದ್ದ ಮೈಯ ಹಿಂಬದಿಯಿಂದ ನೀರು ಬಿಡಿ. ಮೆತ್ತನೆಯ ಬ್ರಷ್ಷೇ ಆಗ ಸಾಕಾಗುತ್ತದೆ.

ಪ್ರಶ್ನೆ: ಕೊಳವೆಬಾವಿಯ ನೀರಿನಿಂದ ತೊಳೆದ ಗಾಜಿನ ಮೇಲೆ ಬಿಳಿ ಮಚ್ಚೆಗಳು ಉಳಿದಿವೆ. ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ ಗಾಜುಗಳೂ ಇವೆ. ಯಾವ ಬ್ರಷ್ ಬಳಸಲಿ?
– ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಆ ಮಚ್ಚೆಗಳು ಗಡಸು ನೀರು ಆರಿದಾಗ ಉಳಿದ ಸುಣ್ಣದ ಅಂಶ, ಬ್ರಷ್‌ನಿಂದ ಅವು ಹೋಗುವುದಿಲ್ಲ, ಆಮ್ಲಕ್ಕೆ ಕರಗುತ್ತವೆ. ಕಾಲು ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಕರಗಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಮಚ್ಚೆಯ ಮೇಲೆ ಐದು ನಿಮಿಷ ಅಂಟಿಸಿ ಒರೆಸಿರಿ. ಕಿಟಕಿಯ ಕೆಳಗೆ ಶಹಾಬಾದ್ ಅಥವಾ ಕಡಪ ಕಲ್ಲು ಹಾಕಿಸಿದ್ದರೆ ಅದರ ಮೇಲೆ ಈ ನೀರು ಸೋರದಂತೆ ಹಳೆಯ ಟವೆಲ್ ಹಾಸಿಕೊಳ್ಳಿ. ಅವೆರಡೂ ಸುಣ್ಣದ ಕಲ್ಲುಗಳೇ ಆದ್ದರಿಂದ ಆಮ್ಲ ಬಿದ್ದಲ್ಲಿ ಹೊಳಪು ಹೋಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ.

ಫಿಲ್ಮ್ ಇರುವ ಮೈಗೆ ಯಾವ ಬ್ರಷ್ಷೂ ಬೇಡ. ಅದು ಪಾಲಿಯೆಸ್ಟರ್ ಹಾಳೆ, ಗಾಜಿಗಿಂತ ಬಹಳ ಬೇಗ ಗೀರುತ್ತದೆ. ಹೊಸದಾಗಿ ಅಂಟಿಸಿದ್ದರೆ ಒಳಗಿನ ತೇವ ಆರಲು ಸುಮಾರು ಒಂದು ತಿಂಗಳು ಅದನ್ನು ಮುಟ್ಟದಿರಿ. ಆಮೇಲೆಯೂ ಅಮೋನಿಯಾ ಬೆರೆತ ದ್ರವಗಳನ್ನು ಬಿಟ್ಟು, ತೆಳು ಸೋಪುನೀರು ಮತ್ತು ಹತ್ತಿಯ ಹಳೆಯ ಪಂಚೆಯ ತುಂಡನ್ನಷ್ಟೇ ಬಳಸಿರಿ.