ಆಫ್ ಮಾಡಿದ ಮೇಲೆ ಬಿಸಿಯೇರುವ ಎಂಜಿನ್

ಪ್ರಶ್ನೆ: ಡ್ರ್ಯಾಗ್ ರೇಸ್ ಓಡುವಾಗ ನನ್ನ ಕಾರಿನ ತಾಪಮಾನದ ಗೇಜ್ ಸರಿಯಾಗಿಯೇ ಇರುತ್ತದೆ. ವಾಪಸ್ ಬಂದು ಎಂಜಿನ್ ಆಫ್ ಮಾಡಿದ ಮೇಲೆ ಮುಳ್ಳು ಏರುತ್ತದೆ. ಮುಂದಿನ ಸುತ್ತಿಗೆ ಅರ್ಧ ಗಂಟೆಯೂ ಇರುವುದಿಲ್ಲ. ದೊಡ್ಡ ರೇಡಿಯೇಟರ್ ಹಾಕಿಸಲೇ?

ಉತ್ತರ: ಬೇಡ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ, ರೇಡಿಯೇಟರ್ ಮೇಲೇ ಅನುಮಾನ! ಡ್ರ್ಯಾಗ್ ರೇಸಿನ ನೇರ ಓಟ ಕಾಲು ಮೈಲಿ, ಅಂದರೆ 402 ಮೀಟರ್. ಹತ್ತು ಹನ್ನೆರಡು ಸೆಕೆಂಡಿನ ಆ ಓಟದಲ್ಲಿ ಹುಟ್ಟಿದ ಶಾಖ ಪೂರ್ತಿ ನೀರಿಗೆ ಇಳಿದಿರುವುದೇ ಇಲ್ಲ, ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್‌ನ ಲೋಹದಲ್ಲಿ ಕೂತಿರುತ್ತದೆ. ನೀವು ಆಫ್ ಮಾಡಿದೊಡನೆ ಬೆಲ್ಟಿನಿಂದ ತಿರುಗುವ ಪಂಪೂ ನಿಂತಿತು. ನಿಂತ ನೀರಿಗೆ ಆ ಶಾಖವೆಲ್ಲ ಇಳಿಯುತ್ತದೆ.

ಎಲೆಕ್ಟ್ರಿಕ್ ವಾಟರ್ ಪಂಪ್ ಹಾಕಿಸಿ. ಬಂದು ನಿಂತ ಮೇಲೆ ಎಂಜಿನ್ ಆಫ್, ಪಂಪ್ ಮತ್ತು ಫ್ಯಾನ್ ಆನ್, ಬ್ಯಾಟರಿಗೆ ಚಾರ್ಜರ್. ಪ್ರತಿ ಸುತ್ತನ್ನೂ ಒಂದೇ ತಾಪಮಾನದಲ್ಲಿ ಶುರು ಮಾಡಿ. ಒಮ್ಮೆ 70 ಡಿಗ್ರಿ, ಮತ್ತೊಮ್ಮೆ 90 ಆದರೆ ನಿಮ್ಮ ಸಮಯವೂ ಕೈಕೊಡುತ್ತದೆ. ಸಾಲಿನಲ್ಲಿ ಕಾಯುವಾಗ ಎಂಜಿನ್ ಓಡಿಸಬೇಡಿ, ಕಾರನ್ನು ತಳ್ಳಿ.

ಫ್ಯಾನ್ ರೇಡಿಯೇಟರಿನ ಹಿಂದಿದ್ದರೆ ಮುಂದಿನಿಂದ ಒಂದು ಹಾಳೆ ಹಿಡಿದು ನೋಡಿ. ಹಾಳೆ ಅಂಟಿ ನಿಲ್ಲಬೇಕು. ಹಾರಿಹೋದರೆ ವೈರ್ ಉಲ್ಟಾ ಆಗಿದೆ. ಇಷ್ಟು ಸಣ್ಣ ತಪ್ಪಿಗೆ ಹೊಸ ರೇಡಿಯೇಟರ್ ಕೊಂಡವರನ್ನು ನೋಡಿದ್ದೇನೆ.

ಬಿಸಿ ಇದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ ಎನ್ನುವವರನ್ನು ಕಾರಿನ ಹತ್ತಿರ ಬಿಡಬೇಡಿ. 1 ಬಾರ್ ಒತ್ತಡದ ಮುಚ್ಚಳದಡಿ ನೀರು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ಸಡಿಲವಾದ ಕ್ಷಣವೇ ಉಕ್ಕಿ ಆವಿಯಾಗುತ್ತದೆ. ಬಟ್ಟೆ ಸುತ್ತಿ ತಿರುಗಿಸಿದ ಹುಡುಗನೊಬ್ಬನ ಮುಂಗೈ ಚರ್ಮ ಸುಲಿದುಹೋದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮುಚ್ಚಳ ಮುಟ್ಟುವ ಮೊದಲು ಮೇಲಿನ ಹೋಸ್ ಒತ್ತಿ ನೋಡಿ: ಗಟ್ಟಿಯಾಗಿದ್ದರೆ ಕೈ ಹಿಂದಕ್ಕೆ. ಹೋಸ್ ಮೆತ್ತಗಾದರೂ ಎಂಜಿನ್ ಪೂರ್ತಿ ತಣಿಯುವವರೆಗೆ ನಾನಂತೂ ಮುಚ್ಚಳ ತೆಗೆಯುವುದಿಲ್ಲ. ಕಾದ ಹೆಡ್‌ಗೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡುವ ಭಯ ಬೇರೆ. ಇನ್ನೊಂದು: ನೀರು ಸೋರಿಹೋಗಿ ಸೆನ್ಸರ್ ಬರೀ ಗಾಳಿಯಲ್ಲಿದ್ದರೆ ಗೇಜ್ ಕಡಿಮೆ ತೋರಿಸಬಹುದು. ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡಬೇಡಿ, ಕಾರಿನ ಕೆಳಗೆ ನೋಡಿ.

ಪ್ರಶ್ನೆ: ಥರ್ಮೋಸ್ಟಾಟ್ (ನೀರು ಕಾದ ಮೇಲಷ್ಟೇ ರೇಡಿಯೇಟರಿಗೆ ಬಿಡುವ ಕವಾಟ) ತೆಗೆದರೆ ನೀರು ಜೋರಾಗಿ ಹರಿದು, ಶಾಖ ಹೀರಲು ಸಮಯವೇ ಸಿಗುವುದಿಲ್ಲವಂತೆ?

ಉತ್ತರ: ಶುದ್ಧ ಸುಳ್ಳು. ಹರಿವು ಹೆಚ್ಚಿದಷ್ಟೂ ಹೆಚ್ಚು ಶಾಖ ಸಾಗುತ್ತದೆ. ತೆಗೆದ ಮೇಲೆ ಕೆಲವು ಎಂಜಿನ್ ಬಿಸಿಯಾಗುವುದು ಬ್ಲಾಕಿನೊಳಗೆ ನೀರಿನ ಒತ್ತಡ ಬಿದ್ದು, ಹೆಡ್‌ನಲ್ಲಿ ಆವಿಗುಳ್ಳೆ ಕಟ್ಟುವುದರಿಂದ. ಆ ಒತ್ತಡ ಉಳಿಯಲು ಥರ್ಮೋಸ್ಟಾಟ್ ಜಾಗಕ್ಕೆ ರೆಸ್ಟ್ರಿಕ್ಟರ್ ಪ್ಲೇಟ್, ಅಂದರೆ ತೂತಿರುವ ತಟ್ಟೆ ಹಾಕಿ.

ಪ್ರಶ್ನೆ: ಗ್ಲೈಕಾಲ್ ಇರುವ ಕೂಲೆಂಟ್ ಹಾಕಬಹುದೇ?

ಉತ್ತರ: ಹಲವು ಟ್ರ್ಯಾಕ್‌ಗಳು ಬಿಡುವುದಿಲ್ಲ, ಬಿಡಲೂಬಾರದು. ಅದು ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ನಿಮ್ಮ ಹಿಂದೆ ಓಡುವವನ ಜೀವಕ್ಕೆ ಅಪಾಯ. ತುಕ್ಕು ತಡೆಯುವ ದ್ರಾವಣ ಬೆರೆಸಿದ ನೀರು ಸಾಕು. ಶಾಖವನ್ನೂ ಅದೇ ಹೆಚ್ಚು ಹೊರುತ್ತದೆ.

ಪ್ರಶ್ನೆ: ಟಾಪ್ ಫ್ಯೂಯೆಲ್ ಎಂಬ ಅತಿ ವೇಗದ ಡ್ರ್ಯಾಗ್ ಕಾರುಗಳಿಗೆ ರೇಡಿಯೇಟರೇ ಇಲ್ಲವಲ್ಲ?

ಉತ್ತರ: ಅವು ಕುಡಿಯುವ ನೈಟ್ರೋಮೀಥೇನ್ ಇಂಧನವೇ ಅವನ್ನು ತಣಿಸುತ್ತದೆ, ಪ್ರತಿ ಓಟದ ನಂತರ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ನಿಮ್ಮ ಕಾರಿಗೆ ಆ ಲೆಕ್ಕ ಹಚ್ಚಬೇಡಿ.