ಲಂಟಾನ ತಿಂದ ಹಸುವಿಗೆ ಬಿಳಿ ಜಾಗದ ಚರ್ಮ ಮಾತ್ರ ಸುಲಿಯುವುದೇಕೆ?

ನಿಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ) ಹಸು ಬೇಲಿಯ ಲಂಟಾನ ಮೇಯ್ದಿದೆ. ಈಗ ಬಿಳಿ ಮಚ್ಚೆಗಳ ಚರ್ಮ ಬೆಂದಂತೆ ಏಳುತ್ತಿದೆ, ಕಪ್ಪು ಮಚ್ಚೆಗಳಿಗೆ ಏನೂ ಆಗಿಲ್ಲ. ಡಾಕ್ಟರು ಬಿಸಿಲಿಗೆ ಕಟ್ಟಬೇಡಿ ಎಂದಿದ್ದಾರೆ. ತಿಂದ ಸೊಪ್ಪಿಗೂ ಬಿಸಿಲಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ನಾನು ಜೀವರಸಾಯನಶಾಸ್ತ್ರ ಕಲಿಸುವವಳು. ಚಿಕಿತ್ಸೆ ನಿಮ್ಮ ಡಾಕ್ಟರು ಹೇಳಿದಂತೆಯೇ ನಡೆಯಲಿ, ಒಳಗೆ ನಡೆಯುತ್ತಿರುವುದನ್ನು ನಾನು ಹೇಳುತ್ತೇನೆ.

ಮೊದಲ ಪೆಟ್ಟು ಬಿದ್ದಿರುವುದು ಚರ್ಮಕ್ಕಲ್ಲ, ಲಿವರ್‌ಗೆ. ಲಂಟಾನದ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷ ಪಿತ್ತರಸ ಹರಿಯದಂತೆ ಮಾಡುತ್ತದೆ. ಹಸು ಯಾವ ಹಸಿರು ತಿಂದರೂ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದರ ಪತ್ರಹರಿತ್ತನ್ನು ಫಿಲೋಎರಿಥ್ರಿನ್ ಎಂಬ ಬಣ್ಣದ ವಸ್ತುವಾಗಿ ಬದಲಿಸುತ್ತವೆ. ಲಿವರ್ ಚೆನ್ನಾಗಿದ್ದರೆ ಅದು ಪಿತ್ತರಸದ ಜೊತೆ ಹೊರಟುಹೋಗುತ್ತದೆ. ದಾರಿ ಕಟ್ಟಿದರೆ ರಕ್ತದಲ್ಲೇ ಉಳಿದು ಚರ್ಮ ಸೇರುತ್ತದೆ.

ಕತ್ತಲಲ್ಲಿ ಅದರಿಂದ ಚರ್ಮಕ್ಕೆ ತೊಂದರೆಯಿಲ್ಲ. ಇಂಥ ವರ್ತನೆಯನ್ನು 1900ರಲ್ಲೇ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಪ್ರಕಟಿಸಿದ್ದ. ಅಕ್ರಿಡಿನ್ ಬಣ್ಣ ಬೆರೆಸಿದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕಿಗಿಟ್ಟಾಗ ಬೇಗ ಸತ್ತವು, ಕತ್ತಲಲ್ಲಿಟ್ಟಾಗ ಬದುಕಿದವು. ಬಣ್ಣ, ಬೆಳಕು ಎರಡರ ಜೊತೆ ಆಮ್ಲಜನಕವೂ ಬೇಕು ಎಂಬುದು ಸ್ವಲ್ಪ ಕಾಲದಲ್ಲೇ ಗೊತ್ತಾಯಿತು.

ಈ ಮೂರೂ ಕೂಡಲು ಜೀವಕೋಶದ ಪೊರೆಗಿಂತ ಅನುಕೂಲವಾದ ಜಾಗ ಸಿಗುವುದು ಕಷ್ಟ. ಪೊರೆ ಮುಖ್ಯವಾಗಿ ಕೊಬ್ಬಿನದು. ಇಂಥ ಬಣ್ಣದ ವಸ್ತುಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆಮ್ಲಜನಕವೂ ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುತ್ತದೆ. ಬಿಸಿಲು ಬಿದ್ದಾಗ ಫಿಲೋಎರಿಥ್ರಿನ್ ಬೆಳಕು ಹೀರಿ, ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಹುಟ್ಟುವ, ಶಕ್ತಿ ತುಂಬಿದ ಆಮ್ಲಜನಕವಾದ ಸಿಂಗ್ಲೆಟ್ ಆಕ್ಸಿಜನ್‌ಗೆ ನೀರಿನಲ್ಲಿ ಕೆಲವೇ ಮೈಕ್ರೊಸೆಕೆಂಡಿನ ಆಯಸ್ಸು. ದೂರ ಹೋಗಲಾರದೆ ಹುಟ್ಟಿದಲ್ಲೇ, ಕೊಬ್ಬಿನಾಮ್ಲಗಳ ದ್ವಿಬಂಧಗಳಿಗೆ ಎರಗುತ್ತದೆ.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಮುಖ್ಯ ಅನಿಸುತ್ತದೆ. ಈ ಮೊದಲ ದಾಳಿಗೇ ಪೊರೆ ತೂತಾಗುವುದಿಲ್ಲ. ಕೊಬ್ಬಿನಾಮ್ಲದ ಸರಪಳಿಗೆ ಹೈಡ್ರೊಪೆರಾಕ್ಸೈಡ್ ಎಂಬ ಗುಂಪು ಸೇರುತ್ತದೆ ಅಷ್ಟೆ. ಆ ಗುಂಪಿಗೆ ನೀರಿನ ಸೆಳೆತವಿರುವುದರಿಂದ ಸರಪಳಿ ಬಾಗಿ ಹೊರಮೈ ಕಡೆ ತಿರುಗುತ್ತದೆ. ಪೊರೆ ಹಿಗ್ಗಿ ತೆಳ್ಳಗಾಗುತ್ತದೆ, ಆದರೂ ಸೋರುವುದಿಲ್ಲ. ಈ ಹಂತದಲ್ಲಿ ಜೀವಕೋಶಕ್ಕೆ ರಿಪೇರಿಯ ಅವಕಾಶವಿದೆ: ಸೆಲೆನಿಯಂ ಇರುವ ಜಿಪಿಎಕ್ಸ್4 ಎಂಬ ಕಿಣ್ವ ಹೈಡ್ರೊಪೆರಾಕ್ಸೈಡನ್ನು ನಿರಪಾಯ ಮಾಡುತ್ತದೆ. ಬೆಳಕು ಬೀಳುತ್ತಲೇ ಇದ್ದರೆ ಬೆಳಕು ಹೀರಿ ಉದ್ರಿಕ್ತವಾದ ಬಣ್ಣದ ಅಣು ನೇರವಾಗಿ ಕೊಬ್ಬನ್ನೇ ಮುಟ್ಟಿ ಸರಪಳಿಗಳನ್ನು ತುಂಡರಿಸುತ್ತದೆ. ಗಿಡ್ಡವಾದ ಆಲ್ಡಿಹೈಡ್ ತುಂಡುಗಳು ಉಳಿದ ಕಡೆ ಪೊರೆ ಸೋರತೊಡಗುತ್ತದೆ, ಕ್ಯಾಲ್ಸಿಯಂ ಒಳನುಗ್ಗಿ ಕೋಶ ಸಾಯುತ್ತದೆ. ಕಬ್ಬಿಣದ ಅಯಾನು ಸಿಕ್ಕರಂತೂ ಹೈಡ್ರೊಪೆರಾಕ್ಸೈಡ್ ಒಡೆದು, ಬೆಳಕು ಆರಿದ ಮೇಲೂ ಕೊಬ್ಬಿನ ಉತ್ಕರ್ಷಣ (ಆಮ್ಲಜನಕದಿಂದ ಕೆಡುವುದು) ಮುಂದುವರಿಯುತ್ತದೆ. ಪೊರೆಯಲ್ಲಿರುವ ವಿಟಮಿನ್ ಇ ಈ ಸರಣಿಯನ್ನು ತಡೆಯಬಲ್ಲದು, ಆದರೆ ಅದೂ ಖರ್ಚಾಗುತ್ತದೆ.

ಕಪ್ಪು ಮಚ್ಚೆಗಳಲ್ಲಿಯೂ ಫಿಲೋಎರಿಥ್ರಿನ್ ಇದೆ. ಅಲ್ಲಿ ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಬೆಳಕನ್ನು ಮೊದಲೇ ಹೀರಿಕೊಳ್ಳುವುದರಿಂದ ಚರ್ಮ ಉಳಿದಿದೆ. ಕೂದಲು ಕಡಿಮೆಯಿರುವ ಮೂತಿ, ಕಣ್ಣಂಚು, ಕೆಚ್ಚಲುಗಳನ್ನು ದಿನಾ ನೋಡಿ.

ನೆರಳು ಅಂದರೆ ನಿಜವಾದ ನೆರಳೇ ಆಗಬೇಕು. ಇಂಥ ವಸ್ತುಗಳು ಹೆಚ್ಚು ಹೀರುವುದು 400 ನ್ಯಾನೊಮೀಟರ್ ಆಸುಪಾಸಿನ ನೇರಳೆ-ನೀಲಿ ಬೆಳಕನ್ನು. ಅದು ಗಾಜು, ಪಾರದರ್ಶಕ ಶೀಟುಗಳನ್ನು ದಾಟಿ ಬರುತ್ತದೆ, ಆದ್ದರಿಂದ ಅಂಥ ಚಾವಣಿಯ ಕೆಳಗೆ ಕಟ್ಟಬೇಡಿ. ಸದ್ಯಕ್ಕೆ ಹಸಿಮೇವು ನಿಲ್ಲಿಸಿ ಒಣಹುಲ್ಲು ಕೊಡುವ ಬಗ್ಗೆ ಡಾಕ್ಟರನ್ನು ಕೇಳಿ, ಹಸಿರು ಹೋದಷ್ಟೂ ಫಿಲೋಎರಿಥ್ರಿನ್ ಹೆಚ್ಚುತ್ತದೆ. ಗಾಯ ಒಣಗಿತೆಂದು ಮತ್ತೆ ಮೇಯಲು ಬಿಡಬೇಡಿ. ಲಿವರ್ ಕೆಟ್ಟಾಗ ಕಾಣುವ ಕಣ್ಣಿನ ಹಳದಿ ಇಳಿದು, ಲಿವರ್ ಸುಧಾರಿಸಿದೆ ಎಂದು ಡಾಕ್ಟರು ಹೇಳುವವರೆಗೆ ಕೊಟ್ಟಿಗೆಯಲ್ಲೇ ಇರಲಿ.