ಟೋಕಿಯೊದಲ್ಲಿ ಸ್ಯಾನ್ ಮರಿನೊ ಗೆದ್ದ ಮೂರು ಪದಕಗಳ ಬಗ್ಗೆ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಕುಸ್ತಿಪಟು ದೀಪಕ್ ಪೂನಿಯಾ ಅವರನ್ನು ಸೋಲಿಸಿ ಕಂಚು ಪಡೆದ ಸ್ಯಾನ್ ಮರಿನೊ ಎಂಬ ದೇಶದ ಹೆಸರನ್ನೇ ತಾವು ಅದುವರೆಗೆ ಕೇಳಿರಲಿಲ್ಲವೆಂದೂ, ಐದೇ ಮಂದಿಯನ್ನು ಕಳುಹಿಸಿದ ಆ ದೇಶ ಮೂರು ಪದಕ ಗೆದ್ದದ್ದು ಹೇಗೆಂದೂ, ಅಂಥ ಪುಟ್ಟ ದೇಶದ ಎದುರು ಸೋತದ್ದು ನಮಗೆ ಅವಮಾನವಲ್ಲವೇ ಎಂದೂ ನೀವು ಕೇಳಿದ್ದೀರಿ. ಆ ಬೇಸಿಗೆಯಲ್ಲಿ ನಾನು ಉದ್ಯೋಗದ ನಿಮಿತ್ತ ಇಟಲಿಯ ಬೊಲೋನ್ಯಾದಲ್ಲಿದ್ದೆ. ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು ಸ್ಯಾನ್ ಮರಿನೊದ ಸೆರ್ರವಾಲ್ಲೆಯವರು. ಆ ಒಂದು ವಾರ ಅವರ ಮುಖವನ್ನು ನೋಡಿದ್ದೇನೆ ಎಂಬುದೇ ಈ ಉತ್ತರ ಬರೆಯಲು ನನಗಿರುವ ಅರ್ಹತೆ.

ಮೊದಲು ದೇಶದ ಅಳತೆಯನ್ನು ಹೇಳುತ್ತೇನೆ. ಸ್ಯಾನ್ ಮರಿನೊದ ವಿಸ್ತೀರ್ಣ 61 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 34,000. ನಾನು ಮಡಿಕೇರಿಯವನು, 2011ರ ಜನಗಣತಿಯಂತೆ ನಮ್ಮ ಪಟ್ಟಣದ ಜನಸಂಖ್ಯೆ ಸುಮಾರು 33,000. ಹೀಗಾಗಿ ನನ್ನ ಮಟ್ಟಿಗೆ ಈ ಸಂಖ್ಯೆ ಬರಿಯ ಅಂಕಿಯಲ್ಲ, ಪೇಟೆಗೆ ಹೋದರೆ ಹತ್ತು ಜನರಲ್ಲಿ ಇಬ್ಬರು ಗುರುತಿನವರು ಸಿಗುವಂಥ ಊರು. ನಾಲ್ಕೂ ಕಡೆಯಿಂದ ಇಟಲಿಯೇ ಸುತ್ತುವರಿದಿರುವ ಈ ಗಣರಾಜ್ಯಕ್ಕೆ ವಿಮಾನ ನಿಲ್ದಾಣವಾಗಲಿ ಸಮುದ್ರವಾಗಲಿ ಇಲ್ಲ. ರಿಮಿನಿ ರೈಲು ನಿಲ್ದಾಣದ ಎದುರು ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ತೀತಾನೊ ಬೆಟ್ಟದ ನೆತ್ತಿಯ ಮೇಲಿರುವ ರಾಜಧಾನಿಯಲ್ಲಿ ಇಳಿಯಬಹುದು. ಮರೀನುಸ್ ಎಂಬ ಕಲ್ಲುಕುಟಿಗ ಕ್ರಿ.ಶ. 301ರಲ್ಲಿ ಇದನ್ನು ಸ್ಥಾಪಿಸಿದನೆಂಬುದು ಅಲ್ಲಿಯವರ ನಂಬಿಕೆ. ಒಬ್ಬರಲ್ಲ, ಇಬ್ಬರು ರಾಷ್ಟ್ರಮುಖ್ಯಸ್ಥರು ಆರಾರು ತಿಂಗಳಿಗೊಮ್ಮೆ ಬದಲಾಗುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟೋಕಿಯೊಗೆ ಹೋದ ಐವರಲ್ಲಿ ಇಬ್ಬರು ಶೂಟರ್‌ಗಳು, ಒಬ್ಬರು ಕುಸ್ತಿಪಟು, ಒಬ್ಬರು ಈಜುಗಾರ್ತಿ, ಮತ್ತೊಬ್ಬರು ಜೂಡೋ ಪಟು. 2021ರ ಜುಲೈ 29ರಂದು ಮಹಿಳೆಯರ ಟ್ರ್ಯಾಪ್ ಶೂಟಿಂಗ್‌ನಲ್ಲಿ ಅಲೆಸ್ಸಾಂಡ್ರಾ ಪೆರಿಲ್ಲಿ ಕಂಚು ಗೆದ್ದರು. ಅದು ಆ ದೇಶದ ಒಲಿಂಪಿಕ್ ಇತಿಹಾಸದ ಮೊತ್ತಮೊದಲ ಪದಕ. ಎರಡು ದಿನಗಳ ನಂತರ ಅವರೇ ಜಿಯಾನ್ ಮಾರ್ಕೊ ಬೆರ್ತಿಯವರ ಜೊತೆಗೂಡಿ ಮಿಶ್ರ ತಂಡದ ಟ್ರ್ಯಾಪ್‌ನಲ್ಲಿ ಬೆಳ್ಳಿ ತಂದರು. ಆಗಸ್ಟ್ 5ರಂದು ಮೈಲ್ಸ್ ಅಮೀನ್ 86 ಕಿಲೋ ಫ್ರೀಸ್ಟೈಲ್ ಕುಸ್ತಿಯಲ್ಲಿ ನಮ್ಮ ದೀಪಕ್ ಎದುರು ಕಂಚು ಪಡೆದರು. ಹೋದ ಐವರಲ್ಲಿ ಮೂವರು ಪದಕದೊಂದಿಗೆ ಮರಳಿದರು.

ಇದನ್ನು ಓದಿದ ಕೂಡಲೇ ಎಲ್ಲರೂ ಜನಸಂಖ್ಯೆಯನ್ನು ಪದಕಗಳಿಂದ ಭಾಗಿಸುತ್ತಾರೆ. ಸುಮಾರು 11,000 ಜನರಿಗೆ ಒಂದು ಪದಕ ಎಂಬ ಲೆಕ್ಕ ಬರುತ್ತದೆ, ಆಮೇಲೆ ಅದನ್ನು ಭಾರತದ ಏಳು ಪದಕಗಳ ಪಕ್ಕದಲ್ಲಿಟ್ಟು ನಿಟ್ಟುಸಿರು ಬಿಡುತ್ತಾರೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಸ್ಯಾನ್ ಮರಿನೊ ಬೇಸಿಗೆ ಒಲಿಂಪಿಕ್ಸ್‌ಗೆ ಮೊದಲು ಹೋದದ್ದು 1960ರಲ್ಲಿ, ನೆರೆಯ ರೋಮ್ ನಗರಕ್ಕೆ. 1964ರಲ್ಲಿ ಇದೇ ಟೋಕಿಯೊದಲ್ಲಿ ಕೂಟ ನಡೆದಾಗ ಅದು ಭಾಗವಹಿಸಲಿಲ್ಲ. 1968ರಿಂದ 2016ರವರೆಗೆ ಒಂದನ್ನೂ ತಪ್ಪಿಸದೆ ಹೋಗಿ, ಒಟ್ಟು ಹದಿನಾಲ್ಕು ಕೂಟಗಳಿಂದ ಬರಿಗೈಯಲ್ಲಿ ಹಿಂತಿರುಗಿತು. ನೀವು ಕೇಳಬೇಕಾದ ಪ್ರಶ್ನೆ, ಐವರು ಮೂರು ಪದಕ ಗೆದ್ದದ್ದು ಹೇಗೆ ಎಂಬುದಕ್ಕಿಂತ, ಹದಿನಾಲ್ಕು ಸಲ ಏನೂ ದಕ್ಕದಿದ್ದರೂ ಹದಿನೈದನೆಯ ಸಲ ಹೋಗುವ ಮನಸ್ಸು ಒಂದು ದೇಶಕ್ಕೆ ಹೇಗೆ ಉಳಿಯಿತು ಎಂಬುದು ಎಂದು ನನಗನ್ನಿಸುತ್ತದೆ.

ಪೆರಿಲ್ಲಿಯವರ ಕಥೆಯಲ್ಲಿ ಅದರ ಉತ್ತರವಿದೆ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟ್ರ್ಯಾಪ್ ಎಂದರೆ ಶೂಟರ್‌ನ ಮುಂದೆ ಹದಿನೈದು ಮೀಟರ್ ದೂರದ ತಗ್ಗಿನಲ್ಲಿ ಅಡಗಿಸಿಟ್ಟ ಯಂತ್ರಗಳಿಂದ ಅಂಗೈಯಗಲದ ತಟ್ಟೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೊರಚಿಮ್ಮುತ್ತದೆ. ಅದು ಎಡಕ್ಕೆ ಹಾರುತ್ತದೋ ಬಲಕ್ಕೋ ನೇರಕ್ಕೋ ಎಂಬುದು ಶೂಟರ್‌ಗೆ ಮೊದಲೇ ತಿಳಿದಿರುವುದಿಲ್ಲ. ಅದು ಕೋವಿಯ ಹೊಡೆತಕ್ಕೆ ಮೀರಿದ ದೂರಕ್ಕೆ ಹೋಗುವ ಮೊದಲು, ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ, ಅದನ್ನು ಪುಡಿಮಾಡಬೇಕು. ಅರ್ಹತಾ ಸುತ್ತಿನಲ್ಲಿ ಇಂಥ 125 ತಟ್ಟೆಗಳು, ಒಂದೊಂದಕ್ಕೆ ಎರಡು ತೋಟಾಗಳ ಅವಕಾಶ. ಫೈನಲ್‌ನಲ್ಲಿ ಒಂದೇ ತೋಟಾ. ಕೊಡಗಿನಲ್ಲಿ ಕೈಲ್ ಮುಹೂರ್ತದ ಸಮಯದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಬಾಲ್ಯದಿಂದ ನೋಡಿದವನು ನಾನು. ಅಲುಗಾಡದ ಕಾಯಿಯೇ ಎಷ್ಟು ಜನರ ಗುರಿಯನ್ನು ತಪ್ಪಿಸುತ್ತದೆ ಎಂಬುದು ಗೊತ್ತಿರುವುದರಿಂದ, ನೂರಿಪ್ಪತ್ತೈದರಲ್ಲಿ ಮೂರೋ ನಾಲ್ಕೋ ತಪ್ಪಿದರೆ ಫೈನಲ್ ಕೈತಪ್ಪಬಹುದಾದ ಈ ಆಟದ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಜೆಸ್ಸಿಕಾ ರೊಸ್ಸಿ, ಆಗ ಮಹಿಳೆಯರಿಗೆ ಫೈನಲ್ ಸೇರಿ ಒಟ್ಟು ಇದ್ದ ನೂರು ತಟ್ಟೆಗಳಲ್ಲಿ 99 ಹೊಡೆದು ಚಿನ್ನ ಗೆದ್ದರು. ಬೆಳ್ಳಿ ಮತ್ತು ಕಂಚಿಗೆ ಮೂವರು 93 ಅಂಕಗಳೊಂದಿಗೆ ಸಮಸಮನಾಗಿ ನಿಂತರು: ಸ್ಲೊವಾಕಿಯಾದ ಜುಜಾನಾ ಸ್ಟೆಫೆಚೆಕೊವಾ, ಫ್ರಾನ್ಸಿನ ಡೆಲ್ಫಿನ್ ರೆಯೊ ಮತ್ತು ಪೆರಿಲ್ಲಿ. ಮೂವರಿಗೆ ಎರಡು ಪದಕ. ಸಮಬಲ ಮುರಿಯಲು ನಡೆಸುವ ಶೂಟ್ ಆಫ್‌ನಲ್ಲಿ ಮೊದಲು ಹೊರಬಿದ್ದವರು ಪೆರಿಲ್ಲಿ. ಅರ್ಧ ಶತಮಾನದಿಂದ ಕಾಯುತ್ತಿದ್ದ ಒಂದು ದೇಶದ ಮೊದಲ ಪದಕ ಒಂದು ತಟ್ಟೆ ಒಡೆಯದೆ ಹಾರಿಹೋದ ಕಾರಣಕ್ಕೆ ತಪ್ಪಿತು. ನನ್ನ ಸಹೋದ್ಯೋಗಿ ಹೇಳುತ್ತಿದ್ದರು, ಆ ಸಂಜೆ ತಮ್ಮ ಮನೆಯಲ್ಲಿ ಯಾರೂ ಊಟದ ಮೇಜಿನ ಬಳಿಗೆ ಬರಲಿಲ್ಲವೆಂದು. ನಾಲ್ಕನೆಯ ಸ್ಥಾನದ ನೋವು ನಮಗೂ ಹೊಸದಲ್ಲ. ಮಿಲ್ಖಾ ಸಿಂಗ್ ಮತ್ತು ಪಿ.ಟಿ. ಉಷಾ ಅವರ ಹೆಸರು ಹೇಳಿದರೆ ಸಾಕು. ಆದರೆ ಉಷಾ ಅವರ ನಂತರವೂ ನಮಗೆ ಬೇರೆ ಬೇರೆ ಆಟಗಳಲ್ಲಿ ಬೇರೆ ಬೇರೆ ಹೆಸರುಗಳು ಹುಟ್ಟುತ್ತಲೇ ಇದ್ದವು. ಅಲ್ಲಿ ಅದೇ ಹೆಣ್ಣುಮಗಳೇ ಮತ್ತೆ ನಿಂತು ಹೊಡೆಯಬೇಕಿತ್ತು, ಏಕೆಂದರೆ ಆ ಮಟ್ಟಕ್ಕೆ ಏರಿದವರು ಬೆರಳೆಣಿಕೆಯಷ್ಟು ಮಂದಿ.

ಒಂಬತ್ತು ವರ್ಷಗಳ ನಂತರ ಅವರು ನಿಂತರು. ಟೋಕಿಯೊದ ಫೈನಲ್‌ನಲ್ಲಿ ಅವರ ಜೊತೆಗೆ ಅದೇ ಸ್ಟೆಫೆಚೆಕೊವಾ ಇದ್ದರು, ಅದೂ ಅರ್ಹತಾ ಸುತ್ತಿನಲ್ಲಿ 125ಕ್ಕೆ 125 ಹೊಡೆದು ವಿಶ್ವದಾಖಲೆ ಮಾಡಿ ಬಂದವರು. ಇಟಲಿಯಲ್ಲಿ ಆಗ ಬೆಳಗಿನ ಹೊತ್ತು. ಕಚೇರಿಗೆ ಬಂದ ನಮ್ಮ ಸಹೋದ್ಯೋಗಿ ಕಂಪ್ಯೂಟರ್ ತೆರೆಯದೆ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು ಕುಳಿತಿದ್ದರು. ನಾವು ನಾಲ್ಕೈದು ಜನ ಅವರ ಹಿಂದೆ ನಿಂತೆವು. ಆರು ಮಂದಿಯಿಂದ ಒಬ್ಬೊಬ್ಬರೇ ಹೊರಬೀಳುತ್ತಾ ಮೂವರು ಉಳಿದಾಗ ಪದಕ ಖಚಿತವಾಯಿತು. 40 ತಟ್ಟೆಗಳಲ್ಲಿ 29 ಹೊಡೆದ ಪೆರಿಲ್ಲಿಗೆ ಕಂಚು, ಅಮೆರಿಕದ ಕೇಲ್ ಬ್ರೌನಿಂಗ್‌ಗೆ ಬೆಳ್ಳಿ, ಸ್ಟೆಫೆಚೆಕೊವಾಗೆ ಚಿನ್ನ. ನಮ್ಮ ಸಹೋದ್ಯೋಗಿ ಕಿರುಚಲಿಲ್ಲ, ಎದ್ದು ನಿಲ್ಲಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಿದ್ದರು. ಹಿಂದಿನ ವರ್ಷ ಕೊರೊನಾ ಸೋಂಕು ಆ ಪುಟ್ಟ ದೇಶವನ್ನು ಬಹಳ ಕ್ರೂರವಾಗಿ ತಟ್ಟಿತ್ತು, ಅವರ ಬಂಧುಗಳಲ್ಲೂ ಸಾವು ಸಂಭವಿಸಿತ್ತು. ಆ ಕಣ್ಣೀರಿನಲ್ಲಿ ಯಾವುದರ ಪಾಲು ಎಷ್ಟಿತ್ತೋ, ನಾವು ಕೇಳಲಿಲ್ಲ.

ಮಿಶ್ರ ತಂಡದ ಫೈನಲ್‌ನಲ್ಲಿ ಸ್ಪೇನಿನ ಫಾತಿಮಾ ಗಾಲ್ವೆಜ್ ಮತ್ತು ಆಲ್ಬರ್ಟೊ ಫೆರ್ನಾಂಡಿಸ್ ಜೋಡಿಗೆ 41, ಪೆರಿಲ್ಲಿ ಮತ್ತು ಬೆರ್ತಿ ಜೋಡಿಗೆ 40. ಮತ್ತೆ ಒಂದೇ ತಟ್ಟೆಯ ಅಂತರ, ಈ ಸಲ ಚಿನ್ನಕ್ಕೆ. ಈ ಸ್ಪರ್ಧೆ ಒಲಿಂಪಿಕ್ಸ್‌ಗೆ ಸೇರಿದ್ದೇ ಟೋಕಿಯೊದಲ್ಲಿ. ಅದಕ್ಕೆ ಜಾಗ ಮಾಡಿಕೊಡಲು ಕೈಬಿಟ್ಟದ್ದು ಪುರುಷರ ಡಬಲ್ ಟ್ರ್ಯಾಪ್ ಅನ್ನು, ಅಂದರೆ 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ನಮಗೆ ಬೆಳ್ಳಿ ತಂದುಕೊಟ್ಟ ಸ್ಪರ್ಧೆಯನ್ನು.

ಇನ್ನು ಕಾರಣಗಳ ವಿಷಯ. ಚಿಕ್ಕ ದೇಶಕ್ಕೆ ತಂಡದ ಆಟ ಬಹಳ ಕಷ್ಟ. ಸ್ಯಾನ್ ಮರಿನೊದ ಫುಟ್‌ಬಾಲ್ ತಂಡವನ್ನೇ ನೋಡಿ: ಫಿಫಾ ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿ ವರ್ಷಗಟ್ಟಲೆ ಇದ್ದ ಆ ತಂಡ 2004ರ ಏಪ್ರಿಲ್‌ನಲ್ಲಿ ಲಿಕ್ಟನ್‌ಸ್ಟೈನ್ ವಿರುದ್ಧ ಗೆದ್ದ ನಂತರ ಮುಂದಿನ ಗೆಲುವಿಗಾಗಿ 2024ರ ಸೆಪ್ಟೆಂಬರ್‌ವರೆಗೆ ಕಾಯಿತು, ಅದೂ ಮತ್ತೆ ಲಿಕ್ಟನ್‌ಸ್ಟೈನ್ ವಿರುದ್ಧವೇ. ಹನ್ನೊಂದು ಜನ ಸಮರ್ಥರು ಒಂದೇ ಕಾಲದಲ್ಲಿ ಹುಟ್ಟಲು ದೊಡ್ಡ ಜನಸಂಖ್ಯೆ ಬೇಕು. ಟ್ರ್ಯಾಪ್‌ಗೆ ಬೇಕಾದದ್ದು ಒಬ್ಬ ವ್ಯಕ್ತಿ, ಒಂದು ಕೋವಿ, ಒಂದು ಮೈದಾನ ಮತ್ತು ಪ್ರತಿದಿನ ನೂರಾರು ತೋಟಾಗಳ ಖರ್ಚನ್ನು ಹೊರುವ ಶಕ್ತಿ. ಅದರ ಜೊತೆಗೆ ನೆರೆಮನೆಯ ಭಾಗ್ಯವೂ ಇದೆ. ಹಾರುವ ತಟ್ಟೆಗೆ ಗುರಿಯಿಡುವ ಕ್ರೀಡೆಯಲ್ಲಿ ಇಟಲಿ ಜಗತ್ತಿನ ಅತ್ಯಂತ ಬಲಿಷ್ಠ ದೇಶಗಳಲ್ಲಿ ಒಂದು. 1526ರಿಂದ ಕೋವಿ ತಯಾರಿಸುತ್ತಿರುವ ಬೆರೆಟ್ಟಾ ಸಂಸ್ಥೆ ಇರುವುದು ಅಲ್ಲಿಯ ಬ್ರೆಶಾ ಜಿಲ್ಲೆಯಲ್ಲಿ. ಪೆರಿಲ್ಲಿ ಹುಟ್ಟಿದ್ದೂ ರಿಮಿನಿಯಲ್ಲೇ. ಇಂಥ ನೆರೆಯಿಲ್ಲದೆ ಸ್ಯಾನ್ ಮರಿನೊಗೆ ಈ ಆಟ ಒಲಿಯುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಕಡಿಮೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದೇಶಗಳಿಗಾಗಿಯೇ ‘ಯೂರೋಪಿನ ಪುಟ್ಟ ರಾಷ್ಟ್ರಗಳ ಕ್ರೀಡಾಕೂಟ’ ಎಂಬುದೊಂದಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಇದರ ಮೊದಲ ಕೂಟ 1985ರಲ್ಲಿ ನಡೆದದ್ದು ಸ್ಯಾನ್ ಮರಿನೊದಲ್ಲಿಯೇ. ಅಂಡೋರಾ, ಸೈಪ್ರಸ್, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್, ಲಕ್ಸೆಂಬರ್ಗ್, ಮಾಲ್ಟಾ ಮತ್ತು ಮೊನಾಕೊ ಇದರ ಇತರ ಮೂಲ ಸದಸ್ಯರು. ಮಾಂಟೆನೆಗ್ರೊ ಆಮೇಲೆ ಸೇರಿತು. ಸ್ಯಾನ್ ಮರಿನೊ 2001 ಮತ್ತು 2017ರಲ್ಲಿ ಮತ್ತೆ ಇದನ್ನು ನಡೆಸಿತು. ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬೀಳುವ ಈಜುಗಾರ ಇಲ್ಲಿ ತನ್ನ ದೇಶದ ಧ್ವಜ ಮೇಲೇರುವುದನ್ನು ನೋಡುತ್ತಾನೆ. ಅವನನ್ನು ನೋಡಿದ ಶಾಲೆಯ ಮಕ್ಕಳು ಮರುದಿನ ಈಜುಕೊಳಕ್ಕೆ ಹೋಗುತ್ತಾರೆ. 2017ರಲ್ಲಿ ಸ್ವಯಂಸೇವಕರಾಗಿದ್ದ ನಮ್ಮ ಸಹೋದ್ಯೋಗಿ ಆ ಕೂಟದ ಗುರುತಿನ ಚೀಟಿಯನ್ನು ತಮ್ಮ ಮೇಜಿನ ದೀಪಕ್ಕೆ ತೂಗುಹಾಕಿಕೊಂಡಿದ್ದರು. ಬರಿಗೈಯಲ್ಲಿ ಹಿಂತಿರುಗುವ ಹದಿನಾಲ್ಕು ಕೂಟಗಳ ನಡುವೆ ಆ ಜನರ ಕ್ರೀಡಾಸಕ್ತಿಯನ್ನು ಉಳಿಸಿಕೊಟ್ಟದ್ದರಲ್ಲಿ ಇದರ ಪಾಲು ದೊಡ್ಡದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

‘ಪದಕ ಗೆದ್ದ ಅತ್ಯಂತ ಚಿಕ್ಕ ದೇಶ’ ಎಂಬ ಬಿರುದಿನ ಬಗ್ಗೆ ಒಂದು ತಿದ್ದುಪಡಿ. ಬೇಸಿಗೆ ಒಲಿಂಪಿಕ್ಸ್‌ನ ಮಟ್ಟಿಗೆ, ಜನಸಂಖ್ಯೆಯ ಲೆಕ್ಕದಲ್ಲಿ ಅದು ಸರಿ. ಆದರೆ 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಲಿಕ್ಟನ್‌ಸ್ಟೈನ್‌ಗೆ ಹನ್ನಿ ವೆಂಜೆಲ್ ಸ್ಕೀಯಿಂಗ್‌ನಲ್ಲಿ ಎರಡು ಚಿನ್ನ ಗೆದ್ದುಕೊಟ್ಟಾಗ ಆ ದೇಶದ ಜನಸಂಖ್ಯೆ 30,000ಕ್ಕಿಂತಲೂ ಕಡಿಮೆಯಿತ್ತು.

ಕೊನೆಯದಾಗಿ ಅವಮಾನದ ಪ್ರಶ್ನೆ. ಮೈಲ್ಸ್ ಅಮೀನ್ ಹುಟ್ಟಿ ಬೆಳೆದದ್ದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಪಳಗಿದ್ದು ಮಿಶಿಗನ್ ವಿಶ್ವವಿದ್ಯಾಲಯದ ಕುಸ್ತಿ ತಂಡದಲ್ಲಿ. ಅವರ ತಾಯಿಯ ಕಡೆಯ ಹಿರಿಯರು ಸ್ಯಾನ್ ಮರಿನೊ ಮೂಲದವರು. ಕೆಲಸ ಹುಡುಕಿಕೊಂಡು ಅಲ್ಲಿಂದ ಡೆಟ್ರಾಯಿಟ್ ಸುತ್ತಮುತ್ತ ಹೋಗಿ ನೆಲೆಸಿದ ಕುಟುಂಬಗಳು ಹಲವು. ಅಲ್ಲಿ ಇಂದಿಗೂ ಅವರದೇ ಆದ ಕ್ಲಬ್ ಇದೆ. ಇದನ್ನು ಕೇಳಿ ‘ಹಾಗಾದರೆ ಅದು ಅವರ ಪದಕವೇ ಅಲ್ಲ’ ಎನ್ನುವವರಿದ್ದಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮರಿಮಕ್ಕಳನ್ನು ಊರು ತನ್ನವರೆಂದು ಕರೆದರೆ ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ನಾನು ಕೂಡ ಊರು ಬಿಟ್ಟವನೇ.

2019ರ ವಿಶ್ವ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ದೀಪಕ್ ಬೆಳ್ಳಿ ಗೆದ್ದಾಗ ಅದೇ ತೂಕದ ವಿಭಾಗದಲ್ಲಿ ಅಮೀನ್ ಐದನೆಯವರಾಗಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿದ್ದರು. ಟೋಕಿಯೊದಲ್ಲಿ ಇಬ್ಬರನ್ನೂ ಮಣಿಸಿದ್ದು ಒಬ್ಬರೇ, ಚಿನ್ನ ಗೆದ್ದ ಅಮೆರಿಕದ ಡೇವಿಡ್ ಟೇಲರ್. ಕಂಚಿನ ಸೆಣಸಿನಲ್ಲಿ ದೀಪಕ್ ಮುಕ್ಕಾಲುಪಾಲು ಹೊತ್ತು ಮುಂದಿದ್ದರು. 2-1ರ ಮುನ್ನಡೆಯಲ್ಲಿದ್ದಾಗ, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಅಮೀನ್ ಕಾಲಿಗೆ ಕೈಹಾಕಿ ಕೆಡವಿದರು, ಪಂದ್ಯ 4-2ಕ್ಕೆ ಮುಗಿಯಿತು. ಆ ಮಧ್ಯಾಹ್ನ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಮೊಬೈಲನ್ನು ನೋಡುತ್ತಿದ್ದೆವು. ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ ಅವರು ತಮ್ಮ ಸಂಭ್ರಮವನ್ನು ತಡೆದುಕೊಂಡು ನನ್ನ ಭುಜದ ಮೇಲೆ ಕೈಯಿಟ್ಟರು. 2012ರ ಸಂಜೆ ಅವರಿಗೆ ನೆನಪಿತ್ತು. ಮರುವರ್ಷದ ವಸಂತದಲ್ಲಿ ಅಮೀನ್ ಬುಡಾಪೆಸ್ಟ್‌ನಲ್ಲಿ ಯೂರೋಪಿನ ಚಾಂಪಿಯನ್ ಆದರು. ಅದೇ ವರ್ಷ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕೂಟದಲ್ಲಿ ದೀಪಕ್ ಚಿನ್ನ ಗೆದ್ದ ದಿನ ನನಗೆ ಮೊದಲು ಬಂದ ಅಭಿನಂದನೆಯ ಸಂದೇಶ ಸೆರ್ರವಾಲ್ಲೆಯಿಂದ.